ಈರಣ್ಣ ಮಾಸ್ತರರ ಕಿವಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಸೂಜಿ ಬಿದ್ದರೂ ಕೇಳಿಸುವ ಮನುಷ್ಯನನ್ನು ಒಂದೇ ಬೆಳಿಗ್ಗೆಯಲ್ಲಿ ಕಿವುಡನನ್ನಾಗಿ ಮಾಡಿದ ಮಹಾತ್ಮ ನಾನೇ. ಇವತ್ತು ಬೈಕಿನ ಕೀಲಿಗೆಂದು ಮೇಜಿನ ಮೇಲಿನ ಮಾವಿನ ಮರದ ಬಟ್ಟಲಿಗೆ ಕೈಹಾಕಿದಾಗ ಎಲ್ಲ ನೆನಪಾಯಿತು. ಬಟ್ಟಲು ಎಂದು ನಾನು ಹೇಳಬೇಕಷ್ಟೆ. ನಮ್ಮವ್ವ ಒಮ್ಮೆ ಅದರಲ್ಲಿ ಬೆಳ್ಳುಳ್ಳಿ ಜಜ್ಜಿದ್ದಾಳೆ.

ಹೊಸಪೇಟೆಯಲ್ಲಿ ಮರ ಕಡೆಯುವವರ ಸಂಘವಿದೆ ಎಂದರೆ ನೀವು ನಗುತ್ತೀರಿ. ಕಂಪ್ಲಿ ರಸ್ತೆಯ ಹಳೆಯ ಅಕ್ಕಿ ಗಿರಣಿಯ ಶೆಡ್ಡು, ಮರದ ತುಂಡನ್ನು ಗಿರ್ರನೆ ತಿರುಗಿಸುವ ಮೂರು ಲೇತ್ ಮಷೀನು, ಭಾನುವಾರ ಕ್ಲಾಸು. ನಾನು ಸೇರಿದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ. ದನಿ ಅಣಕಿಸುವುದು ನನ್ನ ಚಟ. ಅದಕ್ಕೆ ಹೊಸ ಜನ ಬೇಕಾಗಿತ್ತು, ಮನೆಯವರನ್ನೆಲ್ಲ ಅಣಕಿಸಿ ಮುಗಿದಿತ್ತು.

ಕಲಿಸುವವರು ಈರಣ್ಣ ಮಾಸ್ತರು, ತೊಟ್ಟಿಲ ಕಾಲು ಕಡೆಯುತ್ತಲೇ ತಲೆ ನೆರೆತವರು. ಅವರು ನಮ್ಮ ಕೆಲಸ ನೋಡುವುದೇ ಇಲ್ಲ. ಬಾಗಿಲಲ್ಲಿ ನಮಗೆ ಬೆನ್ನು ಹಾಕಿ ಕುಳಿತು, ಚಹಾ ಹೀರುತ್ತ ಕೇಳುತ್ತಾರೆ. ಬಟ್ಟಲಿನ ಗೋಡೆ ದಪ್ಪವಿದ್ದಾಗ ಉಳಿ ತಾಗಿದರೆ ‘ಗುಂಯ್’ ಎನ್ನುತ್ತದೆ. ತೆಳ್ಳಗಾದಂತೆ ದನಿ ಏರಿ ‘ಕೀಂಯ್’ ಆಗುತ್ತದೆ. ಆಗ ಮಾಸ್ತರ ಕೂಗು: “ಸಾಕು, ನಿಲ್ಸವಾ! ಇನ್ನೊಂದ್ ಸುತ್ತಾದ್ರ ಒಡಿತೈತಿ!” ಒಮ್ಮೆಯೂ ತಪ್ಪಿದ್ದಿಲ್ಲ.

ಆ ತಿಂಗಳು ಕಣ್ಣು ಕಾಣದ ಮಕ್ಕಳ ವಸತಿಶಾಲೆಯೊಂದಕ್ಕೆ ಬಟ್ಟಲು ಕಡೆದುಕೊಡಲು ಸಂಘ ಒಪ್ಪಿತ್ತು. ಬಿಸಿ ಸಾರು ಹಾಕಿದ ಸ್ಟೀಲನ್ನು ತಡವಿದರೆ ಬೆರಳು ಸುಡುತ್ತದೆ, ಮರ ಸುಡುವುದಿಲ್ಲ. ಆದರೆ ಎಳೆ ಕೈಗೆ ಹಗುರವಿರಬೇಕು. ನಮ್ಮ ಕ್ಲಾಸಿನ, ಮೆಟ್ರಿ ಊರಿನ ಗಂಗಕ್ಕ, ಉಳಿಗಿಂತ ನಾಲಿಗೆ ಹರಿತವಿರುವಾಕೆ, ತಲೆಗೆ ಸೆರಗು ಬಿಗಿದು ಕಡೆಯುತ್ತಿದ್ದರು. ನಾನು ಮಾಸ್ತರ ಬೆನ್ನ ಹಿಂದೆ ನಿಂತು ಬಾಯಲ್ಲೇ ‘ಕೀಂಯ್’ ಎಂದೆ.

“ನಿಲ್ಸವಾ!”

ಗಂಗಕ್ಕ ಶಿಸ್ತಾಗಿ ನಿಲ್ಲಿಸಿ, ಅದನ್ನು ಬಿಚ್ಚಿಟ್ಟು ಮುಂದಿನ ತುಂಡು ಏರಿಸಿದರು. ಹೀಗೆ ಐದು ಬಟ್ಟಲು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ ನಾನು.

ಕೊನೆಗೆ ಮಾಸ್ತರು ಬಂದು ಒಂದೊಂದರ ಗೋಡೆಯನ್ನೂ ಎರಡು ಬೆರಳಲ್ಲಿ ಹಿಡಿದು ನೋಡಿದರು. ಐದೂ ದಪ್ಪ, ಭಾರ. ಗಂಗಕ್ಕನನ್ನು ಬೈಯಲಿಲ್ಲ. ಕಿರುಬೆರಳನ್ನು ಕಿವಿಯಲ್ಲಾಡಿಸಿ, ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದರು.

“ಕಿವಿ ಹೋದ್ವವಾ ನನ್ನವು. ಕೂಸುಗಳ ಕೈಯಾಗ ಇಷ್ಟ್ ವಜ್ಜಿ ಕೊಡಾದಾ? ಬರೋ ವಾರ ಬ್ಯಾರೆ ಮಾಸ್ತರ್ನ ನೋಡ್ಕರ್ರಿ.”

ನಾನು ಅವರಿಗೆ ಅಡ್ಡ ನಿಂತೆ. “ಅದು ನಾನ್ರಿ ಮಾಸ್ತರ್ರ” ಎಂದೆ. ಗಾಬರಿಯಲ್ಲಿ ಅದೂ ಅವರದೇ ದನಿಯಲ್ಲಿ, ಅವರದೇ ಕೆಮ್ಮಿನ ಸಮೇತ ಬಂತು!

“ಲೇ ಮಂಗ್ಯಾ, ಹಿರೇ ಮನಷ್ಯಾ ನೊಂದ್ಕಂಡ್ ಹೊಂಟಾಗೂ ಅಣಕಸ್ತೀಯಾ?” ಗಂಗಕ್ಕ ಉಳಿ ಎತ್ತಿದರು.

ಮಾಸ್ತರು ಚಪ್ಪಲಿ ಹುಡುಕುತ್ತಿದ್ದರು. ಬೇರೆ ದಾರಿ ಕಾಣದೆ ಓಡಿಹೋಗಿ ಮೂರೂ ಮಷೀನು ಆರಿಸಿದೆ. ಆ ನಿಶ್ಶಬ್ದದಲ್ಲಿ ‘ಕೀಂಯ್’ ಎಂದೆ. ಒಂದು ಕಾಲು ಚಪ್ಪಲಿಯಲ್ಲಿಟ್ಟವರು ಹಾಗೆಯೇ ನಿಂತರು.

“ಇನ್ನೊಮ್ಮಿ ಮಾಡು.”

ಮಾಡಿದೆ.

“ದಪ್ಪಂದು?”

“ಗುಂಯ್.”

“ಒಡಿಯೋ ಮುಂದಿನದು?”

ತುಟಿ ಮರಗಟ್ಟುವವರೆಗೆ ಪರೀಕ್ಷೆ ನಡೆಯಿತು. ಆಮೇಲೆ ಮಾಸ್ತರು ಮೊಳೆಯಿಂದ ಏಪ್ರನ್ ತೆಗೆದು ಕಟ್ಟಿಕೊಂಡರು. ನಾನು ಹೊಡೆತಕ್ಕೆ ಕೆನ್ನೆ ಸಿದ್ಧಮಾಡಿಕೊಂಡಿದ್ದೆ. ಅವರು ಹೊಡೆಯಲಿಲ್ಲ, ನಾಲ್ಕು ಬಟ್ಟಲನ್ನು ನನ್ನಿಂದಲೇ ಮತ್ತೆ ಕಡೆಸಿ ಹಗುರ ಮಾಡಿಸಿದರು. ಐದನೆಯದನ್ನು ದಪ್ಪವಾಗಿಯೇ ಕೈಗಿಟ್ಟು, “ಇದು ನಿನ್ಗ. ದಿನಾ ನೋಡ್ಕಂತಿರು” ಎಂದರು.

ನೋಡಿಕೊಳ್ಳುತ್ತಲೇ ಇದ್ದೇನೆ. ಇವತ್ತೂ ಭಾನುವಾರ, ಅದರೊಳಗಿಂದ ಕೀಲಿ ತೆಗೆದುಕೊಂಡು ಶೆಡ್ಡಿಗೆ ಹೋದೆ. ಈಗೀಗ ಹೊಸಬರು ಉಳಿ ಮುಟ್ಟುವ ಮೊದಲು ಮಾಸ್ತರು ನನ್ನನ್ನು ಸ್ಟೂಲಿನ ಮೇಲೆ ಕೂರಿಸುತ್ತಾರೆ. ನಾನು ಗುಂಯ್ ಎನ್ನಬೇಕು, ಕೀಂಯ್ ಎನ್ನಬೇಕು. ಹೊಸಬರು ಕಣ್ಣು ಮುಚ್ಚಿ ಕೇಳಬೇಕು. ಜೀವನದಲ್ಲಿ ಮೊದಲ ಬಾರಿಗೆ ನನ್ನ ಅಣಕಕ್ಕೆ ಯಾರೂ ನಗುವುದಿಲ್ಲ. ಇವತ್ತು ಬೆಳಿಗ್ಗೆ ಆ ಗತ್ತಿನಲ್ಲಿ ಕಾಲರ್ ಎತ್ತಿಕೊಂಡು, “ಅಂದ್ರ ಮಾಸ್ತರ್ರ, ನಾನೂ ಒಬ್ಬ ಮಾಸ್ತರ್ ಆದೆ ಅನ್ರಿ” ಎಂದೆ.

ಈರಣ್ಣ ಮಾಸ್ತರು ಚಹಾದಿಂದ ತಲೆ ಎತ್ತಲಿಲ್ಲ.

“ಮಾಸ್ತರ್ ಎಲ್ಲಿ ಆದೀಲೇ, ಮಷೀನ್ ಆದಿ. ಸ್ವಿಚ್ ನನ್ನ ಕೈಯಾಗೈತಿ.”