ಅಂಗೈಗೆ ಕಪ್ಪು ಹತ್ತದ ಗ್ರಿಪ್ಪು

ಹಳೆಯ ಕಪ್ಪು ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ. ಥೂ, ಅದೂ ಒಂದು ವಸ್ತುವೇ! ಸೈಕಲ್ಲಿನ ಹ್ಯಾಂಡಲ್ ಗ್ರಿಪ್ಪಿನ ಮಾತು ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದೆ. ಮನೆ ರಾಜಾಜಿನಗರದಲ್ಲಿ. ಬೆಳಿಗ್ಗೆ ಪಾಳಿ ಮುಗಿಸಿ, ಲಗ್ಗೆರೆ, ಕುರುಬರಹಳ್ಳಿ ಹಾದು ಮನೆ ಸೇರುವಷ್ಟರಲ್ಲಿ ಆ ದರಿದ್ರ ರಬ್ಬರು ಬೆವರಿಗೆ ಕರಗಿ ಅಂಗೈಗೆಲ್ಲ ಮೆತ್ತಿಕೊಂಡಿರುತ್ತಿತ್ತು. ಸೋಪಿಗೆ ಹೋಗುವುದಿಲ್ಲ, ಸೀಗೆಪುಡಿಗೆ ಹೋಗುವುದಿಲ್ಲ. ತೆಂಗಿನ ನಾರು ಹಾಕಿ ತಿಕ್ಕಿದರೆ ಚರ್ಮ ಕಿತ್ತು ಬರುತ್ತಿತ್ತೇ ಹೊರತು ಕಪ್ಪು ಬಿಡುತ್ತಿರಲಿಲ್ಲ.

ನನ್ನ ಜೊತೆಯವರೆಲ್ಲ ಕೈ ಕಪ್ಪಾದರೆ ಆಗಲಿ ಎಂದು ಮನೆಗೆ ಹೋಗಿ ಮುಸುಕು ಹಾಕಿಕೊಂಡು ಮಲಗುತ್ತಿದ್ದರು. ನನಗೆ ಆ ಭಾಗ್ಯ ಇರಲಿಲ್ಲ. ಮನೆಯಲ್ಲಿ ಅಪ್ಪ ನನ್ನ ಕೈಗಾಗಿ ಕಾದು ಕೂತಿರುತ್ತಿದ್ದರು.

ಅಪ್ಪ ದಾವಣಗೆರೆ ಕಡೆಯವರು. ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ನನ್ನ ಹತ್ತಿರ ಬಂದ ಮೇಲೆ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ನಾವು ಲಿಂಗಾಯತರು, ಇಷ್ಟಲಿಂಗದ ಪೂಜೆ ನಡೆಯುವುದೇ ಎಡ ಅಂಗೈಯ ಮೇಲೆ. ಕೊರಳಿನ ಕರಡಿಗೆಯಿಂದ ಲಿಂಗ ತೆಗೆದು, ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಆ ನೀರನ್ನೇ ತೀರ್ಥವೆಂದು ಕುಡಿದ ಮೇಲೆ ಬಾಯಿಗೆ ಮಿಕ್ಕಿದ್ದು. ಅಲ್ಲಿಯವರೆಗೆ ಅಪ್ಪ ಹನಿ ನೀರನ್ನೂ ಮುಟ್ಟುತ್ತಿರಲಿಲ್ಲ, ಮಾತ್ರೆಯನ್ನೂ ನುಂಗುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ ಹೋಗದಿದ್ದರೆ ಮತ್ತೊಮ್ಮೆ ಲಕ್ವ ಹೊಡೆದೀತು ಎಂದು ಡಾಕ್ಟರು ನಮ್ಮನ್ನು ಹೆದರಿಸಿಟ್ಟಿದ್ದರು.

ಅಮ್ಮನ ಬೆರಳುಗಳು ಕೀಲುನೋವಿಗೆ ಸೊಟ್ಟಗಾಗಿದ್ದವು. ಹಾಗಾಗಿ ನಾನು ಬಂದು, ಸ್ನಾನ ಮಾಡಿ, ಅಪ್ಪನ ಎಡಗೈಯ ಅಡಿಗೆ ನನ್ನ ಎಡಗೈ ಕೊಟ್ಟು ಹಿಡಿಯಬೇಕು. ಲಿಂಗ ಅವರ ಕೈಯಲ್ಲಿ, ಅವರ ಕೈ ನನ್ನ ಕೈಯಲ್ಲಿ. ಆದರೆ ಕೈ ಸತ್ತಿದೆ ಎಂದು ಅಪ್ಪ ಒಂದು ದಿನವೂ ಒಪ್ಪಿದವರಲ್ಲ.

"ಬಿದ್ದಿಲ್ಲ ಕಣಪ್ಪಾ, ಸ್ವಲ್ಪ ಮಂದ ಆಗೈತಿ ಅಷ್ಟೆ. ಇವತ್ತು ನೀರು ತಣ್ಣಗಿದ್ದಿದ್ದು ಗೊತ್ತಾತು ನೋಡು" ಎನ್ನುತ್ತಿದ್ದರು.

ನಾನು ಹೂಂ ಎನ್ನುತ್ತಿದ್ದೆ. ಪೂಜೆ ಮುಗಿಯುವ ಹೊತ್ತಿಗೆ ಅಪ್ಪನ ಬೆಳ್ಳನೆಯ ಕೈಯ ಹಿಂಭಾಗಕ್ಕೆ ನನ್ನ ಅಂಗೈಯ ಮಸಿ ಅಂಟಿರುತ್ತಿತ್ತು. ನೋಡಿದರೆ ನನಗೇ ಅಸಹ್ಯ. ಒಂದು ದಿನ ತಡೆಯಲಾರದೆ ಸೀಮೆಎಣ್ಣೆ ಸುರಿದುಕೊಂಡು ಕೈ ತಿಕ್ಕಿ ಬಂದು ಕೂತೆ. ಕಪ್ಪು ಅರ್ಧ ಹೋಯಿತು. ಆದರೆ ವಿಭೂತಿ, ಪತ್ರೆಯ ನಡುವೆ ಸೀಮೆಎಣ್ಣೆಯ ಗಬ್ಬು ನಾತ! ಖಾಲಿ ಹೊಟ್ಟೆಯಲ್ಲಿದ್ದ ಅಪ್ಪ ಓಕರಿಸಿಬಿಟ್ಟರು. ಅವತ್ತೇ ಸೈಕಲ್ ಶಾಪಿಗೆ ಹೋದೆ.

ಅಂಗಡಿಯವನಿಗೆ ನನ್ನ ಕಷ್ಟ ಎಲ್ಲಿ ಅರ್ಥವಾಗಬೇಕು? "ಕುಚ್ಚಿಂದು ಹಾಕ್ಸಿ ಸಾರ್, ಹೊಸಾ ಐಟಂ. ಗಾಳಿಗೆ ಹಾರ್ತಾ ಇದ್ರೆ ಹುಡ್ಗೀರು ತಿರುಗಿ ನೋಡ್ತಾರೆ" ಎಂದ.

"ಹುಡ್ಗೀರ ವಿಷ್ಯ ಆಮೇಲಿರ್ಲಿ, ಕೈಗೆ ಕಪ್ಪು ಹತ್ತದೇ ಇರೋದು ಕೊಡ್ರೀ."

"ಹಂಗಾದ್ರೆ ಸ್ಪಂಜಿಂದು ತಗೊಳ್ಳಿ. ಹಾಸಿಗೆ ಇದ್ದಂಗಿರುತ್ತೆ."

ಹಾಸಿಗೆಯಂತೆ, ಅವನ ತಲೆ! ಮೊದಲೆರಡು ದಿನ ಚೆನ್ನಾಗಿಯೇ ಇತ್ತು. ಆಮೇಲೆ ನನ್ನ ಬೆವರನ್ನು ಕುಡಿದು, ಮಂಜಿನ ನೀರನ್ನೂ ಕುಡಿದು ಉಬ್ಬಿಕೊಂಡಿತು. ಹಿಂಡಿದರೆ ಹಳದಿ ನೀರು ಜಿನುಗುತ್ತಿತ್ತು. ಆ ನಾತವೋ, ತೊಳೆಯದ ಕಾಲುಚೀಲವನ್ನು ಡಬ್ಬಿಯಲ್ಲಿ ಮುಚ್ಚಿಟ್ಟಂತೆ. ಅದು ಬೆರಳಿಗೆ ಹತ್ತಿ, ತುತ್ತಿನ ಜೊತೆ ಬಾಯಿಗೂ ಬರುತ್ತಿತ್ತು. ಸಾರು ಅನ್ನ ಮುಂದಿಟ್ಟುಕೊಂಡು ಎಷ್ಟೋ ಸಲ ಅರ್ಧಕ್ಕೇ ಎದ್ದಿದ್ದೇನೆ. ಕಿತ್ತು ಬಚ್ಚಲಿನ ಮೂಲೆಗೆ, ಹಳೇ ರಬ್ಬರಿನ ಪಕ್ಕಕ್ಕೇ ಎಸೆದೆ.

ಮೂರನೆಯದು ಗಟ್ಟಿ ಪ್ಲಾಸ್ಟಿಕ್ಕಿನದು. ಕಪ್ಪಿಲ್ಲ, ನಾತವಿಲ್ಲ, ಒರೆಸಿದರೆ ಫಳಫಳ. ಸದ್ಯ, ಪೀಡೆ ತೊಲಗಿತು ಎಂದುಕೊಂಡೆ. ಆದರೆ ಅದರ ಮೈ ತುಂಬ ಗರಗಸದಂಥ ಹಲ್ಲು. ಆಗ ಲಗ್ಗೆರೆ ಕಡೆಯ ದಾರಿ ಎಂದರೆ ದಾರಿಯಲ್ಲ. ಹೊಲದ ಬದಿಯ ಕಲ್ಲು, ಗಾಡಿಯ ಚಕ್ರ ಕೊರೆದ ಹಳ್ಳ, ಮಧ್ಯೆ ಸಗಣಿಯ ಗುಪ್ಪೆ. ಒಂದೊಂದು ಕಲ್ಲಿನ ಹೊಡೆತವೂ ಆ ಹಲ್ಲಿನ ಮೂಲಕ ಮೊಣಕೈವರೆಗೆ ಏರುತ್ತಿತ್ತು. ಮನೆ ತಲುಪುವಾಗ ಎರಡೂ ಅಂಗೈ ಜೋಮು ಹಿಡಿದು, ಯಾರದೋ ಕೈಯನ್ನು ತಂದು ಹೊಲಿದಂತಿರುತ್ತಿತ್ತು.

ಹಾಗೇ ಒಂದು ಬೆಳಿಗ್ಗೆ ಜೋಮು ಇಳಿಯುವ ಮೊದಲೇ ಪೂಜೆಗೆ ಕೂತೆ. ತಡವಾಗಿತ್ತು, ಮಾತ್ರೆಯ ಹೊತ್ತು ಮೀರುತ್ತಿತ್ತು. ಅಪ್ಪ ನೀರೆರೆದರು. ಅವರ ಕೈ ನನ್ನ ಕೈಯ ಮೇಲಿಂದ ಪಕ್ಕಕ್ಕೆ ವಾಲುತ್ತಿದ್ದುದು ನನಗೆ ತಿಳಿಯಲೇ ಇಲ್ಲ. ಲಿಂಗ ಜಾರಿತು. ಪುಣ್ಯಕ್ಕೆ ನೆಲಕ್ಕೆ ಬೀಳಲಿಲ್ಲ, ನನ್ನ ಮಡಿಲ ಪಂಚೆಗೆ ಬಿತ್ತು. ಅಮ್ಮ "ಅಯ್ಯೋ ಶಿವನೇ" ಎಂದು ಬಾಯಿಗೆ ಸೆರಗು ಒತ್ತಿಕೊಂಡಳು.

ಲಿಂಗ ಬಿದ್ದರೆ ಪ್ರಾಣವೇ ಬಿದ್ದಂತೆ ಎಂದು ನಂಬಿದ್ದ ಮನುಷ್ಯ ನಮ್ಮಪ್ಪ. ಬೈಯಲಿಲ್ಲ, ಕೂಗಾಡಲಿಲ್ಲ. ಬಲಗೈಯಿಂದ ಲಿಂಗವನ್ನೆತ್ತಿ ಕರಡಿಗೆಗೆ ಸೇರಿಸಿ, ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. ಅಮ್ಮ ಹಾಲು ತಂದಳು, ಬೇಡ. ಮಾತ್ರೆ ತಂದಳು, ಬೇಡ. ಮಧ್ಯಾಹ್ನದ ಹೊತ್ತಿಗೆ ತುಟಿ ಒಣಗಿ ಸಿಪ್ಪೆ ಏಳತೊಡಗಿತು. ನಾನು ಹೋಗಿ ಅವರ ಪಕ್ಕ ಕೂತೆ.

"ಅಪ್ಪಾಜಿ, ಜಾರಿದ್ದು ನಿಮ್ಮ ಕೈಯಿಂದಲ್ಲ. ನನ್ನ ಕೈ ಜೋಮು ಹಿಡಿದಿತ್ತು. ಎಲ್ಲ ಆ ಹಾಳು ಸೈಕಲ್ ಗ್ರಿಪ್ಪಿನ ಕೆಲಸ" ಎಂದೆ.

ಅಪ್ಪ ಈ ಕಡೆ ತಿರುಗಿದರು. "ಅದೆಂಥ ಗ್ರಿಪ್ಪು? ಬಿಚ್ಕಂಡು ಬಾ, ನೋಡನ."

ಬಿಚ್ಚಿ ತಂದೆ. ಬಚ್ಚಲಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯವನ್ನೂ ಬಾಚಿಕೊಂಡು ಬಂದೆ. ಆ ರಬ್ಬರು ಅಷ್ಟರಲ್ಲೇ ನನ್ನ ಅಂಗೈಗೆ ಮತ್ತೆ ಬಳಿದುಕೊಂಡಿತು. ಅಪ್ಪ ಎದ್ದು ಕೂತು ಬಲಗೈಯಲ್ಲಿ ಅದನ್ನೇ ಮೊದಲು ಹಿಸುಕಿದರು.

"ಅಯ್ಯಯ್ಯ, ಅಂಟಂಟು! ಜಿಗಣೆ ಹಿಡ್ದಂಗಾತು."

ಸ್ಪಂಜನ್ನು ಮೂಗಿನ ಹತ್ತಿರ ಒಯ್ದವರು ತಲೆಯನ್ನೇ ಹಿಂದಕ್ಕೆಳೆದುಕೊಂಡರು. "ಶಿವಶಿವಾ! ಹೆಗ್ಗಣ ಸತ್ತಂಗೈತಲ್ಲೋ ಮಾರಾಯ." ಪ್ಲಾಸ್ಟಿಕ್ಕಿನ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿ, "ಥೂ! ಇಂಥದ್ನ ಹಿಡ್ಕಂಡು ಅಷ್ಟು ದೂರ ಬರ್ತಿದ್ಯೇನೋ?" ಎಂದರು. ಅಪ್ಪನ ಬಾಯಿಂದ ಥೂ ಎಂಬ ಶಬ್ದ ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಆಮೇಲೆ ಏನು ಹೊಳೆಯಿತೋ, "ಎಡಗೈಗೆ ಕೊಡು. ಲಿಂಗ ಹಿಡಿಯೋದು ಆ ಕೈಯಲ್ಲವಾ, ಅದಕ್ಕೆ ಹೆಂಗಾಗತೈತಿ ನೋಡ್ತೀನಿ" ಎಂದರು.

ಪ್ಲಾಸ್ಟಿಕ್ ಗ್ರಿಪ್ಪನ್ನು ಅವರ ಎಡ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳನ್ನು ಮಡಿಸಿ ಕೈ ಬಿಟ್ಟೆ. ಟಪ್ಪೆಂದು ನೆಲಕ್ಕೆ ಬಿತ್ತು. "ಇನ್ನೊಂದ್ಸಲ" ಎಂದರು. ಮತ್ತೆ ಬಿತ್ತು. ಅಪ್ಪ ಆ ಕೈಯನ್ನು ನೋಡುತ್ತ ಕೂತರು.

"ಗೊತ್ತಾಗ್ತಿಲ್ಲ ಕಣಪ್ಪಾ" ಎಂದರು. "ಏನೂ ಗೊತ್ತಾಗ್ತಿಲ್ಲ."

ಬಿದ್ದ ಗ್ರಿಪ್ಪನ್ನು ಬಲಗೈಯಿಂದ ಪಕ್ಕಕ್ಕೆ ಸರಿಸಿ, "ಕೈ ತೊಳ್ಕಂಡು ಬಾ, ಪೂಜೆಗೆ ಕೂರನ" ಎಂದರು.

ತೊಳೆದೆ, ತಿಕ್ಕಿದೆ, ಆ ಕಪ್ಪು ಹೋಗಬೇಕಲ್ಲ! ಬಂದು ಎಂದಿನಂತೆ ಅವರ ಎಡಗೈಯನ್ನು ಎತ್ತಿಕೊಳ್ಳಲು ಹೋದೆ. ಅಪ್ಪ ಬಲಗೈಯಿಂದ ಅದನ್ನು ಹಿಡಿದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಅದು ಬ್ಯಾಡ. ನಿನ್ನ ಅಂಗೈ ಚಾಚು."

"ಗೆರೆ ತುಂಬ ಕಪ್ಪು ಕೂತಿದೆ, ಅಪ್ಪಾಜಿ. ಎಷ್ಟು ತಿಕ್ಕಿದ್ರೂ ಹೋಗ್ತಾ ಇಲ್ಲ."

"ಇರ್ಲಿ. ಜೀವ ಐತಲ್ಲ, ಸಾಕು."

ನನ್ನ ಹೊಲಸು ಅಂಗೈಯ ಮೇಲೆ ಅಪ್ಪ ತಮ್ಮ ಲಿಂಗವನ್ನಿಟ್ಟರು. ನೀರೆರೆದರು. ನೀರು ನನ್ನ ಗೆರೆಗಳಲ್ಲಿ ಹರಿದು ಬೆರಳ ಸಂದಿನಿಂದ ಕೆಳಗಿನ ಬಟ್ಟಲಿಗೆ ಇಳಿಯಿತು. ಬಗ್ಗಿ ನೋಡಿದೆ: ನೀರು ಕದಡಿತ್ತು, ಮೇಲೆ ರಬ್ಬರಿನ ಕಪ್ಪು ಚೂರುಗಳು ತೇಲುತ್ತಿದ್ದವು.

"ಅದನ್ನ ಕುಡೀಬೇಡಿ, ಗಲೀಜಾಗಿದೆ. ಬೇರೆ ನೀರು ಹಾಕೋಣ" ಎಂದೆ.

ಅಪ್ಪ ಆಗಲೇ ಬಟ್ಟಲು ಎತ್ತಿದ್ದರು. ಮೂರು ಗ್ರಿಪ್ಪಿಗೂ ಮುಖ ಸಿಂಡರಿಸಿದ್ದ ಮನುಷ್ಯ, ಆ ನೀರನ್ನು ಕಣ್ಣಿಗೊತ್ತಿಕೊಂಡು ತಳ ಕಾಣುವವರೆಗೆ ಕುಡಿದು, ಅಮ್ಮನ ಕಡೆ ತಿರುಗಿ, "ರೊಟ್ಟಿ ತಾ, ಹಸಿವಾಗೈತಿ" ಎಂದರು.