ಒಳಗೆ ಬಾರದ ಖಂಡೆಪ್ಪ
ಮನೆಗಳನ್ನೆಲ್ಲ ಕೆಡವಿದ ಭೂಕಂಪದ ನಂತರ ಸಾಸ್ತೂರಿನಲ್ಲಿ ಹೊಸ ಮನೆಗಳೆದ್ದಾಗ, ಜನರ ಅಂಜಿಕೆ, ದುಗುಡಗಳನ್ನು ಅಧ್ಯಯನ ಮಾಡುವ ಡಾಕ್ಟರರ ಪರವಾಗಿ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವನು ಖಂಡೆಪ್ಪ. "ನಿದ್ದಿ ಹತ್ತತದೇನ್ರೀ? ಎದಿ ಧಸಕ್ ಅಂತದೇನ್ರೀ?" ಎಂದು ಲಗ್ನಕ್ಕೆ ಕರೆಯುವವನ ಹಾಗೆ ನಗುತ್ತ ಕೇಳುವನು, ಕುರಿ ಅಡ್ಡ ಬಂದರೆ ಅದನ್ನೂ ಬಿಡನು. ಒಳಗೆ ಕರೆದರೆ ಮಾತ್ರ "ಒಳಗ ಸೆಕಿ ಭಾಳ್ರೀ" ಎಂದು ಅಂಗಳದಲ್ಲೇ ಕೂರುವನು. ಒಂದು ಚಳಿಯ ಮುಂಜಾನೆ ಕುರಿಗಾರರ ಮಾಳವ್ವ ಅವನಿಗೆ ಕಂಬಳಿ ಹೊದಿಸಿ, "ಹಲ್ಲು ಕಟಕಟ ಅನ್ಲಿಕತ್ತಾವ, ಎಲ್ಲೀ ಸೆಕಿನೋ ತಮ್ಮಾ? ಛತ್ತು ತಲಿಮ್ಯಾಲ ಬಿದ್ದೀತಂತ ಒಳಗ ಬರ್ಲಿಕ್ಕ ನಿನಗೂ ಅಂಜಿಕಿ, ಹೌದಿಲ್ಲೋ?" ಎಂದಳು. ಖಂಡೆಪ್ಪ ಮೊದಲ ಸಲ ನಗದೆ "ಹೌದವ್ವಾ" ಎಂದ. ಮರುದಿನ ಆ ಡಾಕ್ಟರರ ಬಳಿ ರೋಗಿಗಳ ಸಾಲಿನಲ್ಲಿ ತಾನೂ ಕೂತ. ಗುಳಿಗೆ, ಡಾಕ್ಟರರ ಮಾತು, ಮಾಳವ್ವನ ಬೈಗುಳ ಕೂಡಿ ಕೊನೆಗೆ ಅವನನ್ನು ಅವಳ ಮನೆಯೊಳಗಿನ ಗೋಡೆಗೆ ಒರಗಿಸಿದವು. ಎಷ್ಟೋ ವರ್ಷಗಳ ತರುವಾಯ ಅವನು ತೀರಿಕೊಂಡ ಮೇಲೂ ಅಲ್ಲಿ ಕೂತವರಿಗೆ ಮಾಳವ್ವ, "ಜರಾ ಸರೀರಿ, ಅದು ಖಂಡೆಪ್ಪನ ಜಾಗಾ" ಎನ್ನುತ್ತಾಳೆ.