ಪುಡಿ ಅತ್ತೆಯ ಮೂರು ಗ್ರಾಂ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ಕೊನೆಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿಲ್ಲ, ಮಾತಿಲ್ಲ. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಗೆ ಸಣ್ಣ ಚಮಚವೊಂದು ಬಿಳಿ ಪುಡಿ ಉದುರಿಸುತ್ತದೆ. ಎರಡು ಪಾಯಿಂಟ್ ಒಂಬತ್ತು ಎಂಟು. ತೋರುಬೆರಳು ಚಮಚದ ಬೆನ್ನಿಗೆ ಒಮ್ಮೆ ತಟ್ಟುತ್ತದೆ. ಮೂರು. ಮಾಸ್ಕಿನೊಳಗೆ ಹಿಡಿದಿಟ್ಟ ಉಸಿರನ್ನು, ಆಸ್ಪತ್ರೆಯವರೆಲ್ಲ ಪುಡಿ ಅತ್ತೆ ಎಂದು ಕರೆಯುವ ಆಕೆ ಆಗ ಬಿಡುತ್ತಾರೆ.

"ಏಳು ಗಂಟೆಗೆ ಗೋಡೆ ಆಚೆ ಬಟ್ಟೆ ಒಗೆಯೋ ಮಷೀನು ಶುರುವಾಗತ್ತೆ. ಆಮೇಲೆ ಈ ತಕ್ಕಡಿಗೆ ಚಳಿಜ್ವರ, ಅಂಕಿ ನಿಲ್ಲೋದೇ ಇಲ್ಲ. ಅಷ್ಟರೊಳಗೆ ನನ್ನದು ಮುಗೀಬೇಕು."

ಪುಡಿಯ ಹೆಸರು ಅರ್ಜಿನಿನ್. ಪ್ರೋಟೀನನ್ನು ಕಟ್ಟುವ ಅಮೈನೊ ಆಮ್ಲಗಳಲ್ಲಿ ಒಂದು. ಇದು ಹೋಗುವುದು ಮೆಲಾಸ್ ಎಂಬ ಅಪರೂಪದ ಕಾಯಿಲೆ ಇರುವ ಹನ್ನೊಂದು ಜನರಿಗೆ. ಜೀವಕೋಶಗಳಿಗೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಅವರಲ್ಲಿ ಸರಿಯಾಗಿ ಉರಿಯದ ಒಲೆಗಳ ಹಾಗೆ. ಮೊದಲು ತಣ್ಣಗಾಗುವುದು ಮೆದುಳು. ಇದ್ದಕ್ಕಿದ್ದಂತೆ ಪಾರ್ಶ್ವವಾಯುವಿನಂಥ ಆಘಾತ. ಕಣ್ಣು, ಕೈ, ಮಾತು, ಯಾವುದು ಕೈಕೊಡುತ್ತದೋ ಹೇಳಲಾಗದು. ಒಬ್ಬೊಬ್ಬರ ತೂಕಕ್ಕೂ ಅಳತೆ ಬೇರೆ. ಆದ್ದರಿಂದಲೇ ಈ ಚಮಚ, ಈ ಬೆರಳು. ದಿನಕ್ಕೆ ಮೂರು ಹೊತ್ತು, ಹನ್ನೊಂದು ಜನ: ವಾರಕ್ಕೆ ಇನ್ನೂರ ಮೂವತ್ತೊಂದು ಪೊಟ್ಟಣ.

ಅತ್ತೆ ಈ ಆಸ್ಪತ್ರೆಗೆ ಬಂದದ್ದು ಸೀಸೆಗಳಿಗೆ ಚೀಟಿ ಅಂಟಿಸಲು. ಹಳೆಯ ಕಾಂಪೌಂಡರ್ ಒಬ್ಬರು ಕಾಗದ ಮಡಿಸುವುದನ್ನು ಕಲಿಸಿದರು. ಮಡಿಸಿದ ಪೊಟ್ಟಣವನ್ನು ಭುಜದ ಎತ್ತರದಿಂದ ಬೀಳಿಸುತ್ತಿದ್ದರು. ಒಂದು ಕಣ ಚೆಲ್ಲಿದರೂ ಮತ್ತೆ ಮೊದಲಿನಿಂದ. "ಆರು ತಿಂಗಳು ಬರೀ ಹಿಟ್ಟು ಕಟ್ಟಿದ್ದೀನಿ. ಅಂಗಡಿ ಇಟ್ಟಿದ್ರೆ ಈಗ ಶೆಟ್ಟಿಯಾಗ್ತಿದ್ದೆ!" ಇಪ್ಪತ್ತಮೂರು ವರ್ಷ ನಿಂತೇ ತೂಗಿ ಮಂಡಿಗಳು ಸವೆದಿವೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ. ಮಧ್ಯಾಹ್ನ ಊಟದ ಡಬ್ಬಿ ತರುವ ಗಂಡನದು ಬೇರೆಯೇ ದೂರು: "ಇಲ್ಲಿ ಮಿಲಿಗ್ರಾಂ ಲೆಕ್ಕ. ಮನೇಲಿ ಉಪ್ಪು ಮಾತ್ರ ಕಣ್ಣಂದಾಜು. ಇವತ್ತು ಬಾಯಿಗಿಟ್ಟು ನೋಡಿ, ಗೊತ್ತಾಗತ್ತೆ."

ಹನ್ನೊಂದು ಜನರಲ್ಲಿ ಕಿರಿಯವಳು ಹದಿನಾಲ್ಕರ ಹುಡುಗಿ. ಎಲ್ಲದಕ್ಕೂ ವಾದ ಹೂಡುವುದರಿಂದ ಅತ್ತೆ ಅವಳಿಗಿಟ್ಟ ಹೆಸರು ವಕೀಲಮ್ಮ. ಕಳೆದ ವರ್ಷ ಮೊದಲ ಆಘಾತ: ತಲೆ ಬಾಚುವಾಗ ಕನ್ನಡಿಯ ಅರ್ಧ ಕಾಣದಾಯಿತು, ಬಾಚಣಿಗೆ ಕೈಜಾರಿತು. ಮಾತು ಮರಳಲು ಮೂರು ವಾರ. ಅರ್ಜಿನಿನ್ ಶುರುವಾದ ಐದು ತಿಂಗಳಿಗೆ ಎರಡನೇ ಆಘಾತ. ಇನ್ನೊಂದು ಬಂದರೆ ಏನೇನು ಕಿತ್ತುಕೊಂಡು ಹೋಗುತ್ತದೋ ಎಂದು ಮನೆಯವರೆಲ್ಲ ಜೀವ ಕೈಯಲ್ಲಿ ಹಿಡಿದು ಕೂತರು. ಔಷಧ ಹಿಡಿಯುತ್ತಿಲ್ಲವೆಂದು ನಿಲ್ಲಿಸುವ ಮಾತನ್ನೂ ವೈದ್ಯರು ಆಡಿದರು.

ಆ ವಾರವೇ ಹುಡುಗಿಯ ತಾಯಿ ಪೊಟ್ಟಣ ಒಯ್ಯಲು ಬಂದಾಗ ಕುಂಡವೊಂದನ್ನು ಹೊತ್ತು ತಂದರು. "ಅಕ್ಕಾ, ಇದು ನಿಮಗೆ. ಎರಡೆಲೆ ಇದ್ದ ಬಳ್ಳಿ, ಐದು ತಿಂಗಳಲ್ಲಿ ಪರದೆ ಕಂಬಿ ಮುಟ್ಟಿದೆ. ಗೊಬ್ಬರ ಅಂತ ಒಂದು ಚೂರೂ ಹಾಕಿಲ್ಲ!"

"ಎಲ್ಲಿತ್ತಮ್ಮ ಇದು?"

"ಮಗಳ ಹಾಸಿಗೆ ಪಕ್ಕ, ಕಿಟಕಿ ಹತ್ರ."

ಅತ್ತೆ ಬಗ್ಗಿ ಮಣ್ಣು ಮೂಸಿದರು. ಎಂಟು ವರ್ಷದಿಂದ ಬೆರಳಿಗೆ ಅಂಟಿದ ವಾಸನೆ. ಅರ್ಜಿನಿನ್ನಿನಲ್ಲಿ ಸಾರಜನಕ ಹೇರಳ, ಗಿಡಕ್ಕದು ಹಬ್ಬದೂಟ. ಐದು ತಿಂಗಳ ಪೊಟ್ಟಣಗಳು ಹುಡುಗಿಯ ಹೊಟ್ಟೆ ಸೇರದೆ ಬೇರು ಸೇರಿದ್ದವು.

ಮರುದಿನ ವೈದ್ಯರ ಕೋಣೆಯ ಮಂಚದ ಮೇಲೆ ವಕೀಲಮ್ಮನ ವಿಚಾರಣೆ. ಅವಳು ತಪ್ಪೊಪ್ಪಿಕೊಂಡಳು, ಆದರೆ ಸೋಲಲಿಲ್ಲ. "ಒಂದು ದಿನ ನೀವೇ ಕುಡೀರಿ ಅತ್ತೆ. ಆಮೇಲೆ ಬೈರಿ."

"ನ್ಯಾಯವಾದ ಮಾತು ಅನ್ನಿಸ್ತು," ಎನ್ನುತ್ತಾರೆ ಅತ್ತೆ. ವೈದ್ಯರನ್ನು ಕೇಳಿ ಒಂದು ಚಿಟಿಕೆ ನೀರಿಗೆ ಹಾಕಿದರು. "ಹಳೇ ಮೀನಿನ ಬುಟ್ಟೀನ ಸೋಪಲ್ಲಿ ತೊಳೆದು ಆ ನೀರು ಕುಡಿದ ಹಾಗಿತ್ತು. ಇನ್ನೊಂದು ಲೋಟ ಡಾಕ್ಟರ ಕೈಗಿಟ್ಟೆ. ಎಂಟು ವರ್ಷದಿಂದ ಬರೆದುಕೊಡ್ತಿದ್ದಾರೆ, ಒಂದು ಸಲವೂ ನಾಲಿಗೆಗೆ ಸೋಕಿಸಿಲ್ಲ! ಕುಡಿದ್ರು, ನಲ್ಲಿ ಹತ್ರ ಓಡಿದ್ರು. ಆ ಹುಡುಗಿ ನಕ್ಕಿದ್ದು ನೋಡಬೇಕಿತ್ತು, ಮಂಚವೇ ಅಲ್ಲಾಡಿತು."

ನಂತರ ಎರಡು ವಾರ ಮೂವರೂ ಸೇರಿ ದಾರಿ ಹುಡುಕಿದರು. ಮೊದಲು ಮಂಜುಗಡ್ಡೆ ಚೀಪಿ ನಾಲಿಗೆ ಜೋಮು ಹಿಡಿಸುವುದು, ಪುಡಿಯನ್ನು ತಣ್ಣಗಿನ ಹುಳಿ ಕಿತ್ತಳೆ ರಸದಲ್ಲಿ ಕಲಸುವುದು, ಸ್ಟ್ರಾದಲ್ಲಿ ಒಂದೇ ಗುಟುಕಿಗೆ ಎಳೆಯುವುದು. ಈಗ ಹನ್ನೊಂದು ಜನರ ಚೀಟಿಯಲ್ಲೂ ಇದನ್ನು ಬರೆದಿರುತ್ತದೆ.

"ಇದು ವಾಸಿ ಮಾಡೋ ಔಷಧ ಅಲ್ಲ," ವೈದ್ಯರು ಮೊದಲೇ ಎಚ್ಚರಿಸುತ್ತಾರೆ. "ರಕ್ತನಾಳ ಸಡಿಲವಾಗಲಿ, ಮುಂದಿನ ಆಘಾತ ತಪ್ಪಲಿ ಅನ್ನೋ ಆಸೆ. ಖಾತ್ರಿ ಕೊಡೋಕಾಗಲ್ಲ. ಆದರೆ ಹೊಟ್ಟೆಗೇ ಹೋಗದಿದ್ದದ್ದನ್ನ ಕೆಲಸ ಮಾಡಲ್ಲ ಅಂತ ನಿಲ್ಲಿಸೋಕೆ ಹೊರಟಿದ್ದೆನಲ್ಲ! ಅದನ್ನ ಹಿಡಿದದ್ದು ಆಕೆಯ ಮೂಗು."

ಅದಾಗಿ ಏಳು ತಿಂಗಳು. ಮತ್ತೆ ಆಘಾತವಾಗಿಲ್ಲ. ವಕೀಲಮ್ಮ ಶಾಲೆಗೆ ಮರಳಿದ್ದಾಳೆ.

ಅತ್ತೆಗೆ ಏನು ಬೇಕು? "ತಕ್ಕಡಿ ಕೆಳಗೆ ಒಂದು ದಪ್ಪ ಕಲ್ಲಿನ ಚಪ್ಪಡಿ. ಮಷೀನು ಓಡಿದ್ರೂ ಅಲ್ಲಾಡಬಾರದು. ಆಗ ನಾನೂ ಆರೂವರೆವರೆಗೆ ಮಲಗಬಹುದು."

ಏಳಕ್ಕೆ ಐದು ನಿಮಿಷ. ತಾಯಿ ಮಗಳು ಬಾಗಿಲಲ್ಲಿ. ಈ ಕೋಣೆಗೆ ಬಿಸಿಲು ಬೀಳದ್ದರಿಂದ ಬಳ್ಳಿ ಅಂದೇ ಅವರ ಮನೆಗೆ ವಾಪಸಾಗಿತ್ತು. ತಾಯಿಯ ಮುಖ ಈಗ ಸಪ್ಪೆ: "ಅಕ್ಕಾ, ಬಳ್ಳಿ ಸೊರಗಿಹೋಗಿದೆ. ಎರಡು ತಿಂಗಳಾಯ್ತು, ಒಂದು ಚಿಗುರಿಲ್ಲ. ಏನಾದ್ರೂ ಕೊಡ್ತೀರಾ?"

"ನನ್ನ ಪಾಲು ಕೇಳಬೇಡಮ್ಮ," ಎನ್ನುತ್ತಾಳೆ ಮಗಳು.

ಗೋಡೆಯಾಚೆ ಮಷೀನು ಗುಡುಗುತ್ತದೆ, ತಕ್ಕಡಿಯ ಅಂಕಿಗಳು ನಡುಗತೊಡಗುತ್ತವೆ. ಕೊನೆಯ ಪೊಟ್ಟಣವನ್ನು ಅತ್ತೆ ಭುಜದ ಎತ್ತರದಿಂದ ಬೀಳಿಸುತ್ತಾರೆ. ಒಂದು ಕಣವೂ ಚೆಲ್ಲುವುದಿಲ್ಲ. ಅದನ್ನೆತ್ತಿ ಹುಡುಗಿಯ ಕೈಗಿಟ್ಟು, ತಾಯಿಯ ಕಡೆ ತಿರುಗುತ್ತಾರೆ.

"ಬರೀ ನೀರು ಹಾಕಮ್ಮ. ಅದು ಹಾಗೇ ಬಡಕಲಾಗಿರ್ಲಿ."